ಪಾರಿವಾಳಕ್ಕೆ ಕಟ್ಟಿದ ಸಿಡಿ

ರೀ,

ಪಾರಿವಾಳ ಓಡಿಸೋಕೆ ಅಂತ ನೀವು ಬಾಲ್ಕನಿಯಲ್ಲಿ ದಾರ ಕಟ್ಟಿ ನೇತುಹಾಕಿದ್ದು ನಿಮ್ಮದೇ ಹಳೇ ಸ್ಕ್ಯಾನಿನ ಸಿಡಿ. ಮನೆಯೆಲ್ಲಾ ಜಾಲಾಡಿದ ಮೇಲೆ, ಬಟ್ಟೆ ಒಣಹಾಕುವಾಗ ಕಣ್ಣಿಗೆ ಬಿತ್ತು. ಸಣ್ಣ ಕರುಳಿನ ಗೆಡ್ಡೆಯಿಂದ ಲಿವರಿಗೆ ಹರಡಿದ ಆ ಚುಕ್ಕೆಗಳು ಬೆಳೆದಿವೆಯೋ, ಅಷ್ಟೇ ಇವೆಯೋ ಅನ್ನೋದು ಇವತ್ತಿನ ಸ್ಕ್ಯಾನಿನ ಪಕ್ಕ ಹಳೇದನ್ನ ಇಟ್ಟು ನೋಡಿದ್ರೇ ಡಾಕ್ಟರಿಗೆ ತಿಳಿಯೋದು.

ಒರೆಸಿ, ಮಗಳ ಕಂಪ್ಯೂಟರಿಗೆ ಹಾಕಿ ನೋಡಿದೆ. ಪುಣ್ಯಕ್ಕೆ ಓಡ್ತು. ನೀಲಿ ಚೀಲದಲ್ಲಿದೆ, ಅಲ್ಲೇ ಇರ್ಲಿ, ಆಸ್ಪತ್ರೆಗೆ ಬರುವಾಗ ಚೀಲ ಹಾಗೇ ತನ್ನಿ.

ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕ್ಬೇಡಿ. ಬಿಸ್ಕತ್ತಿನ ಡಬ್ಬ ಮೇಲಿಟ್ಟಿದ್ದೀನಿ, ಕುರ್ಚಿ ಹಾಕ್ಕೊಂಡು ಹತ್ತೋ ಸಾಹಸ ಬೇಡ. ಗೆಡ್ಡೆಯ ಕಾಟ ತಡೆಯೋ ತಿಂಗಳ ಇಂಜೆಕ್ಷನ್ನನ್ನ ಸ್ಕ್ಯಾನಿಗೋಸ್ಕರ ಮುಂದಕ್ಕೆ ಹಾಕಿರೋದ್ರಿಂದ ಮುಖ ಆಗಾಗ ಕೆಂಪೇರುತ್ತೆ. ಬಸ್ಸಲ್ಲಿ ಯಾರಾದ್ರೂ ಕುಡಿದಿದ್ದಾರೆ ಅಂದ್ಕೊಂಡ್ರೆ ಅಂದ್ಕೊಳ್ಲಿ, ಜಗಳಕ್ಕೆ ನಿಲ್ಲಬೇಡಿ.

ಹೊಲಿಗೆ ಅಂಗಡಿ ಬೀಗ ತೆಗೆದು, ಹುಡುಗಿಯರಿಗೆ ಬಟ್ಟೆ ಕತ್ತರಿಸಿಕೊಟ್ಟು ನೇರ ಆಸ್ಪತ್ರೆಗೇ ಬರ್ತೀನಿ. ನಾನು ಬರೋವರೆಗೂ ಒಳಗೆ ಹೋಗ್ಬೇಡಿ.

ಚುಕ್ಕೆಗಳು ಅಷ್ಟೇ ಇವೆ ಅಂತ ಡಾಕ್ಟರ್ ಒಂದು ಮಾತು ಹೇಳ್ಲಿ. ಈ ಹಾಳು ಸಿಡೀನ ನಾನೇ ಕೈಯಾರೆ ಮತ್ತೆ ಅದೇ ದಾರಕ್ಕೆ ಕಟ್ತೀನಿ.