ನನ್ನ ಹೆಸರಲ್ಲಿ ನಿಂತ ನೀರು

ನೀರಿನ ಕಚೇರಿಯ ಹಿಂದಿನ ಬೀದಿ,
ಜೂನ್ ೧೨

ಪ್ರೀತಿಯ ಅಣ್ಣನಿಗೆ,

ನಿನ್ನ ಮಂಡಿ ನೋವು ಹೇಗಿದೆ? ಅತ್ತಿಗೆಯ ಕೆಮ್ಮು ಇಳಿಯಿತೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವಷ್ಟು ಸಮಾಧಾನ ನನಗಿಲ್ಲ. ಕೋಪ ನೆತ್ತಿಗೇರಿದೆ. ಫೋನಿನಲ್ಲಿ ಹೇಳಹೊರಟರೆ ನೀನು ಕಚೇರಿಯಲ್ಲಿ ಜನ ಕಾಯುತ್ತಿದ್ದಾರೆ ಎಂದು, "ಹೋಗ್ಲಿ ಬಿಡು, ತಪ್ಪಾಯ್ತು ಅಂತ ಬರ್ಕೊಡು" ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ.

ನಮ್ಮ ನೀರಿನ ಕಚೇರಿಗೆ ಕಂಪ್ಯೂಟರ್ ಬಂದಾಗ ಎಲ್ಲರಿಗೂ ತರಬೇತಿ ಕೊಟ್ಟರು. ಸೂಪರಿಂಟೆಂಡೆಂಟ್ ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ತಿಂದರು, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡರು. ಕಲಿತವಳು ನಾನೊಬ್ಬಳೇ. ಅಲ್ಲಿಗೆ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದರು. ನಿನ್ನ ಕೈ ಚುರುಕಮ್ಮ, ನೀನೇ ಮಾಡಿಬಿಡು ಅನ್ನುವುದು ಅವರ ನಿತ್ಯದ ಮಂತ್ರ. ಉಳಿದವರ ಪಾಸ್‌ವರ್ಡುಗಳು ಲಕೋಟೆ ಕೂಡ ಒಡೆಯದೆ ಬೀರುವಿನಲ್ಲಿ ಬಿದ್ದಿದ್ದವು. ಬೆಳಿಗ್ಗೆ ನಾನು ನನ್ನ ಹೆಸರಿನಲ್ಲಿ ತೆರೆದ ಕಂಪ್ಯೂಟರ್ ಸಂಜೆಯವರೆಗೆ ಛತ್ರದ ಬಾಗಿಲಿನಂತೆ ತೆರೆದೇ ಇರಬೇಕು. ಯಾರು ಬೇಕಾದರೂ ಬಂದು ಒತ್ತಬಹುದು.

ಮೊನ್ನೆ ನಾನು ಊಟಕ್ಕೆ ಎದ್ದಾಗ ಸಾಹೇಬರಿಗೆ ಹುರುಪು ಬಂದಿದೆ. ಬಿಲ್ಲು ಕಟ್ಟದ ಒಂದು ಮನೆಯ ನೀರು ನಿಲ್ಲಿಸಲು ನನ್ನ ಕುರ್ಚಿಯಲ್ಲಿ ಕೂತು, ಪರದೆಯ ಪಟ್ಟಿಯಲ್ಲಿ ಆ ಮನೆಯ ಹೆಸರಿನ ಎದುರಿನ ಚೌಕಕ್ಕೆ ಗುರುತು ಹಾಕುವ ಬದಲು ಎಲ್ಲಕ್ಕಿಂತ ಮೇಲಿನದಕ್ಕೆ ಹಾಕಿದ್ದಾರೆ. ಅದಕ್ಕೆ ಹಾಕಿದರೆ ಇಡೀ ಬೀದಿಗೇ ಹಾಕಿದಂತೆ. ನಲ್ಲಿ ಕೆಲಸದವರಿಗೆ ಫೋನಿಗೆ ಬಂದ ಆದೇಶವೇ ವೇದವಾಕ್ಯ. ಒಂದು ಮನೆಯನ್ನೂ ಬಿಡದೆ ಮುಚ್ಚಿ ಬಂದರು. ಮಾರನೆಯ ದಿನ ಬಾಣಂತಿಯೊಬ್ಬಳು ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಿಟಕಿಯ ಮುಂದೆ ನಿಂತಳು. ಬೈಯಲಿಲ್ಲ. "ಬಿಲ್ ಕಟ್ಟಿದ್ದೀನಲ್ಲಕ್ಕಾ, ಮಗೂನ ತೊಳೆಯೋಕೂ ನೀರಿಲ್ಲ" ಎಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಣ್ಣಾ.

ನೋಟಿಸು ಯಾರಿಗೆ ಬಂತು ಹೇಳು? ನನಗೆ. ಯಾಕೆ ಅಮಾನತು ಮಾಡಬಾರದು ಎಂದು ಕೇಳಿದ್ದಾರೆ. ಸಾಹೇಬರ ಮುಂದೆ ಹಿಡಿದರೆ ಕನ್ನಡಕ ಒರೆಸುತ್ತಾ, "ಕಂಪ್ಯೂಟರಲ್ಲಿ ನಿನ್ನ ಹೆಸರೇ ಇದೆಯಲ್ಲಮ್ಮ" ಎಂದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ಮಹರಾಯ, ಉಣ್ಣುವವಳು ನಾನು. ತಪ್ಪಾಯಿತು ಎಂದು ಬರೆದುಕೊಡಲಿಲ್ಲ. ಆ ಹೊತ್ತಿಗೆ ಕುರ್ಚಿಯಲ್ಲಿ ಯಾರಿದ್ದರೆಂದು ಬರೆದುಕೊಟ್ಟೆ. ಬೀರು ತೆಗೆದು ಅವರವರ ಲಕೋಟೆ ಅವರವರ ಮೇಜಿನ ಮೇಲಿಟ್ಟೆ, ಬನ್ನಿ ಕಲಿಸುತ್ತೇನೆ ಎಂದೂ ಕರೆದೆ. ಒಬ್ಬರೂ ಏಳಲಿಲ್ಲ. ಈಗ ನನಗೆ ಸೊಕ್ಕಂತೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಸಿಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನೀನೂ ಒಂದು ಕಚೇರಿಯ ಸಾಹೇಬ. "ನಾನು ಮೌಸ್ ಮುಟ್ಟೋದೇ ಇಲ್ಲ, ಎಲ್ಲಾ ನಮ್ಮ ಟೈಪಿಸ್ಟಮ್ಮನ ಹೆಸರಲ್ಲೇ ನಡೆಯುತ್ತೆ" ಎಂದು ಹೋದ ಸಲ ಬಂದಾಗ ಹೆಮ್ಮೆಯಿಂದ ಹೇಳಿದೆ. ಆಕೆಗೂ ಒಬ್ಬ ಅಣ್ಣ ಇರಬಹುದು. ಅವನಿಗೆ ಇಂಥ ಕಾಗದ ಹೋಗುವುದು ಬೇಡ. ಸೋಮವಾರ ರಜೆ ಹಾಕಿ ನಿನ್ನ ಕಚೇರಿಗೇ ಬಂದು ಕಲಿಸುತ್ತೇನೆ. ಕಂಪ್ಯೂಟರಿನ ಮುಂದೆ ನೀನು ಕೂತಿರಬೇಕು.