ಒಳದಾರಿಗೆ ನೀರು ಬರುವ ಹೊತ್ತು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6.50

ಹತ್ತು ನಿಮಿಷದ ಕೆಳಗೆ ನೀರು ಏರುವುದು ನಿಂತಿತು. ಹಿತ್ತಿಲ ಕಟ್ಟೆಯ ಕಂಬದಲ್ಲಿ ನಾಲ್ಕನೇ ಕೆಂಪು ಗೆರೆ. ನಿನ್ನೆ ಎಳೆದ ಗೆರೆ, ಅಡಿಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಮಗು ಎಡ ಹೆಗಲಲ್ಲಿ, ಪೆನ್ನು ಬಲಗೈಯಲ್ಲಿ. ಅಕ್ಷರ ಕೋಳಿ ಕೆದರಿದಂತಿದೆ. ಇರಲಿ, ಯಾರು ಓದಬೇಕು.

ಉಬ್ಬರದ ಪಟ್ಟಿ ಸಿಗುವುದು ಬಂದರಿನದ್ದು ಮಾತ್ರ. ಅಲ್ಲಿ ಏರಿದ ನೀರು ಕೊಲ್ಲಿ ದಾಟಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಬೇರಿನ ನಡುವೆ ನುಸುಳಿ, ನಮ್ಮ ಕಿರುಗಾಲುವೆಗೆ ಬರುವಷ್ಟರಲ್ಲಿ ತಡವಾಗುತ್ತದೆ. ಎಷ್ಟು ತಡ? ಅದೊಂದು ಗೊತ್ತಾದರೆ ನನ್ನ ಒಳದಾರಿ ಸಿದ್ಧ. ಹೊಸಬರು, ಮಂಡಿನೋವಿನವರು, ಈಜು ಬಾರದವರು... ಯಾರೇ ಇರಲಿ, ಕೊಲ್ಲಿಯ ಗಾಳಿಗೆ ಮೈಯೊಡ್ಡದೆ, ನೆರಳಲ್ಲೇ ಒಂಬತ್ತು ಕಿಲೋಮೀಟರ್ ಕನೂ ದೋಣಿಯಲ್ಲಿ ಹೋಗಿ ಬರಬಹುದು. ತೊಡಕು ಒಂದೇ ಕಡೆ. 'ಕುತ್ತಿಗೆ' ಅಂತ ಹೆಸರಿಟ್ಟಿದ್ದೇನೆ. ಅಲ್ಲಿ ಕಾಲುವೆ ಎರಡು ಮಾರು ಅಗಲಕ್ಕೆ ಬಂದುಬಿಡುತ್ತದೆ. ನೀರು ಪೂರ್ತಿ ಏರುವ ಒಂದು ಗಂಟೆ ಮುಂಚೆ, ಏರಿದ ಮೇಲೆ ಒಂದು ಗಂಟೆ, ಅಷ್ಟೇ ದೋಣಿ ಹೋಗುವುದು. ಮಿಕ್ಕ ಹೊತ್ತೆಲ್ಲ ಕೆಸರು.

ದೋಣಿಮನೆ ನಡೆಸುವ ದೊಡ್ಡಕ್ಕ ಫೋನ್ ಮಾಡಿದ್ದರು. (ಯಾರಿಗೂ ಸ್ವಂತ ಅಕ್ಕ ಅಲ್ಲ, ಎಲ್ಲರಿಗೂ ದೊಡ್ಡಕ್ಕ.) "ತಿಂಗಳ ಕೊನೆಗೆ ಸೀಸನ್ ಬೋರ್ಡ್ ಬರೆಸ್ತೀನಿ. ಅದರಲ್ಲಿ ನಿನ್ನ ದಾರಿ ಬಂದ್ರೆ ನಿನ್ನ ಕೆಲಸಾನೂ ವಾಪಸ್ ಬಂತು ಅಂತ ತಿಳ್ಕೋ. ಮನೇಲೇ ಕೂತು ಮಾಡು."

ದೋಣಿಗೆ ದಾರಿ ಗುರುತಿಸುವುದು, ಬಸುರಿಯಾಗಿ ಏಳನೇ ತಿಂಗಳಲ್ಲಿ ಬಿಟ್ಟ ಕೆಲಸ. ಕುಣಿಯುವಷ್ಟು ಖುಷಿ. ಕುಣಿದರೆ ಮಗು ಕಕ್ಕೀತು ಅಂತ ಸುಮ್ಮನಿದ್ದೆ.

ಮಾರ್ಚ್ 5, ಗುರುವಾರ. ಬೆಳಿಗ್ಗೆ 11.00

ನಿದ್ದೆ ಎರಡು ಗಂಟೆ, ಅದೂ ಕಂತಿನಲ್ಲಿ. ಮಗುವಿಗೆ ಹಲ್ಲು ಬರುತ್ತಿರಬೇಕು ಎಂದರು ಅತ್ತೆ. ಕಿವಿನೋವೇ ಅಂತ ನನಗೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಹದಿನಾಲ್ಕು ಕಾಯಿಲೆ. ಅತ್ತೆ ಫೋನ್ ಕಿತ್ತುಕೊಂಡರು. "ಮಗು ನಗ್ತಾ ಇದೆ, ನೀನು ಅಳ್ತಾ ಇದ್ದೀಯ. ಹುಷಾರಿಲ್ಲದಿರೋದು ಯಾರಿಗಮ್ಮಾ?"

ತೂಕ ಸ್ವಲ್ಪ ಕಡಿಮೆ, ಹಾಲು ಕುಡಿದ ಹೊತ್ತು ಬರೆದಿಡಿ ಎಂದಿದ್ದಾರೆ ಡಾಕ್ಟರ್. ಬರೆಯುತ್ತಿದ್ದೇನೆ. ಕಂಬದ ಹೊತ್ತೂ ಬರೆಯುತ್ತಿದ್ದೇನೆ. ಕಿಟಕಿಯ ಹತ್ತಿರ ಇರುವುದು ಒಂದೇ ನೋಟ್‌ಬುಕ್.

ಮಾರ್ಚ್ 6. ಮಧ್ಯಾಹ್ನ

ಲೆಕ್ಕ ಹಾಕಿದೆ. ಬಂದರಿಗಿಂತ ನಮ್ಮಲ್ಲಿ ಇಪ್ಪತ್ತೇ ನಿಮಿಷ ತಡ! ಇಷ್ಟು ಕಡಿಮೆಯೇ? ಒಂದು ಕ್ಷಣ ಅನುಮಾನ. ಆದರೆ ಬರೆದಿದೆಯಲ್ಲ, ನನ್ನದೇ ಕೈಯಲ್ಲಿ.

ದಾರಿ ಬರೆದವರೇ ಮೊದಲು ಅದರಲ್ಲಿ ಹೋಗಿ ಬರಬೇಕು. ಇದು ದೊಡ್ಡಕ್ಕನ ಕಾನೂನು. ನಾಲ್ಕು ಗಂಟೆ ಬೇಕು. ಮಗು ಬಾಟಲಿ ಮುಟ್ಟುವುದಿಲ್ಲ... ಬೇರೆಯವರು ಹೋದರಾಗದೇ ಅಂತ ದೊಡ್ಡಕ್ಕನನ್ನೇ ಕೇಳಿ ನೋಡಿದೆ. ಗೊಣಗಿದರು. ನನ್ನ ಬದಲು ಗಂಡ ಹೋಗಬಹುದಂತೆ, ಇದೊಂದು ಸಲ.

"ಹುಟ್ಟು ಹಾಕೋಕೂ ಬರುತ್ತೆ, ನಿನ್ನ ಅಕ್ಷರ ಓದೋಕೂ ಬರುತ್ತೆ. ಇನ್ನೇನು ಬೇಕು?" ಎಂದರು ಇವರು, ಎದೆ ಉಬ್ಬಿಸಿ.

ಮಾರ್ಚ್ 8, ಭಾನುವಾರ. ಮಧ್ಯಾಹ್ನ 2.15

ಗಂಡ ವಾಪಸ್. ಒಂದೇ ಚಪ್ಪಲಿ. ಸೊಂಟದವರೆಗೆ ಕೆಸರು. ಬಾಗಿಲಲ್ಲೇ ನಿಲ್ಲಿಸಿ ಅತ್ತೆ ಪೈಪಿನಿಂದ ನೀರು ಬಿಟ್ಟರು, ಸ್ಕೂಟರ್ ತೊಳೆದ ಹಾಗೆ.

"ಎಂಟೂ ನಲವತ್ತಕ್ಕೆ ಕುತ್ತಿಗೆ ಸೇರಿದೆ. ನೀರು ಎಲ್ಲಿ? ಅಲ್ಲಿ ಏಡಿಗಳು ಮೀಟಿಂಗ್ ಮಾಡ್ತಾ ಇದ್ವು. ಇಳಿದು ದೋಣಿ ಎಳೆಯೋಣ ಅಂದ್ರೆ ಕಾಲು ಹೋಗಿದ್ದು ಹೋಗಿದ್ದೇ. ಒಂದು ಗಂಟೆ ಹತ್ತು ನಿಮಿಷ ಕೂತಿದ್ದೆ ಕಣೇ. ಒಂಬತ್ತೂ ಐವತ್ತಕ್ಕೆ ನೀರೇ ಬಂದು ಎತ್ಕೊಂಡು ಹೋಯ್ತು."

ನೋಟ್‌ಬುಕ್ ತಂದೆ. ಐದನೇ ತಾರೀಖಿನ ಪುಟ. ಬಂದರಿನಲ್ಲಿ 6.40. ಕೆಳಗೆ '7.00 — ತುಂಬಿತು'. ಅದರ ಕೆಳಗೆ... '8.20 — ತುಂಬಿತು'.

ಎರಡು ಸಲ ಹೇಗೆ ತುಂಬುತ್ತದೆ?

ಅತ್ತೆ ಕನ್ನಡಕ ಏರಿಸಿ ನೋಡಿದರು. "ಏಳು ಗಂಟೆಗೆ ತುಂಬಿದ್ದು ಇವಳ ಹೊಟ್ಟೆ ಕಣಮ್ಮಾ! ನಾನೇ ಅಲ್ವಾ ತೇಗಿಸಿದ್ದು!"

ಇವರು ನೀರು ತೊಟ್ಟಿಕ್ಕುತ್ತ ನಿಂತೇ ಇದ್ದರು. "ಅಂದ್ರೆ... ನಾನು ಮಗಳ ಹೊಟ್ಟೆ ನಂಬ್ಕೊಂಡು ಕಾಲುವೆಗೆ ಹೋದೆ?"

ಅತ್ತೆ ನಗುನಗುತ್ತ ನೆಲದ ಮೇಲೇ ಕೂತುಬಿಟ್ಟರು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಒಳಗೆ ಹೋಗಿ ಸ್ವಲ್ಪ ಕಣ್ಣೀರು ಹಾಕಿದೆ. ಇವರ ಬದಲು ಅರವತ್ತು ದಾಟಿದ ಯಾರೋ ಇದ್ದು, ಬಿಸಿಲಲ್ಲಿ, ಆ ಕೆಸರಿಗೆ ಇಳಿದಿದ್ದರೆ? ಒಂದೇ ದಿನದ ಲೆಕ್ಕ ನಂಬಿದ್ದು ಇನ್ನೊಂದು ತಪ್ಪು. ಇದು ನಿದ್ದೆಗೆಟ್ಟವರ ಕೆಲಸ ಅಲ್ಲವೇನೋ.

ಮಾರ್ಚ್ 9. ಬೆಳಿಗ್ಗೆ

ದೊಡ್ಡಕ್ಕನಿಗೆ ಎಲ್ಲ ಹೇಳಿದೆ, ಒಂದೂ ಮುಚ್ಚಿಡದೆ. ಅವರು ನಕ್ಕು ಮುಗಿಸುವವರೆಗೆ ಫೋನ್ ಹಿಡಿದುಕೊಂಡೇ ಇದ್ದೆ.

"ಲೆಕ್ಕ ತಪ್ಪಿದ್ದಕ್ಕೆ ಬೇಜಾರಿಲ್ಲ. ನೀನು ಹೋಗಿಲ್ವಲ್ಲ, ಅದಕ್ಕೆ. ಇಪ್ಪತ್ತೆರಡಕ್ಕೆ ನೀನೇ ಬಾ. ನಾನು ಹಿಂದೆ ಕೂತಿರ್ತೀನಿ, ಬಾಯಿ ಬಿಡಲ್ಲ. ಆಗಲ್ವಾ, ಈ ಸಲ ಬೋರ್ಡಲ್ಲಿ ಹಳೇ ದಾರಿನೇ."

ಆಗುತ್ತೆ ಎಂದೆ. ಯಾವ ಧೈರ್ಯದಲ್ಲಿ ಎಂದೆನೋ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ 12.30

ಐದು ದಿನ ಬರೆದಿಲ್ಲ. ಜ್ವರ. ಮಗುವಿಗಲ್ಲ, ನನಗೇ. ಮಗುವಿಗೆ ಬರುತ್ತದೆ ಅಂತ ಕಾದು ಕಾದು ನನಗೆ ಬಂತು ಎನ್ನುತ್ತಾರೆ ಅತ್ತೆ. ಕಂಬ ಮಾತ್ರ ಬಿಟ್ಟಿಲ್ಲ. ನಾನು ಮಲಗಿದ ದಿನ ಇವರು ನೋಡಿದರು. ಈಗ ಮಗುವಿನದು 'ಹಾಲು', ಕಂಬದ್ದು 'ನೀರು'. ಪುಸ್ತಕವೂ ಬೇರೆ ಬೇರೆ. ಹನ್ನೆರಡು ದಿನದ್ದು ನೋಡಿದರೆ ಒಂದು ಗಂಟೆ ನಲವತ್ತು ನಿಮಿಷ ತಡ. ಐದು ನಿಮಿಷ ಆಚೆ ಈಚೆ.

ಹಾಲಿನ ಪ್ರಯೋಗ ಶುರು. ಬಾಟಲಿ ಉಗಿದಳು. ಚಮಚ ಕಿತ್ತು ಎಸೆದಳು. ನಾನು ಮನೆಯಲ್ಲಿದ್ದರೆ ಆಗುವುದಿಲ್ಲ. ಬಚ್ಚಲಲ್ಲಿ ಅಡಗಿದರೂ ಹೇಗೋ ಗೊತ್ತಾಗುತ್ತದೆ ಅವಳಿಗೆ. ಅತ್ತೆ ನನ್ನನ್ನು ಹಿತ್ತಿಲ ಕಟ್ಟೆಗೆ ಗಡಿಪಾರು ಮಾಡಿದರು. ಅಳು. ಇನ್ನೂ ಅಳು. ಎರಡು ಸಲ ಎದ್ದೆ, ಎರಡು ಸಲ ಕೂತೆ. ಆಮೇಲೆ ಸದ್ದಿಲ್ಲ. ಓಡಿಹೋಗಿ ಕಿಟಕಿಯಿಂದ ಇಣುಕಿದರೆ, ಅತ್ತೆಯ ಸ್ಟೀಲ್ ಲೋಟಕ್ಕೆ ಬಾಯಿ ಹಚ್ಚಿ ಗುಟುಕ್ ಗುಟುಕ್ ಕುಡಿಯುತ್ತಿದ್ದಾಳೆ!

"ಮಹಾರಾಣಿಗೆ ಲೋಟ ಬೇಕಿತ್ತಂತೆ. ನಮಗೆಲ್ಲಿ ಗೊತ್ತಾಗ್ಬೇಕು," ಎಂದರು ಅತ್ತೆ.

ತುಂಬಾ ಖುಷಿ. ಸ್ವಲ್ಪ ಹೊಟ್ಟೆಕಿಚ್ಚು, ಆ ಲೋಟದ ಮೇಲೆ.

ಮಾರ್ಚ್ 18. ಬೆಳಿಗ್ಗೆ 9.40

ಮೊನ್ನೆ ಮಗುವನ್ನು ಇಪ್ಪತ್ತು ನಿಮಿಷ ಬಿಟ್ಟು ಹೊರಗೆ ಹೋದೆ. ನಿನ್ನೆ ಒಂದು ಗಂಟೆ. ಅಂಗಡಿ ಬೀದಿಯಲ್ಲಿ ಏನೂ ಕೊಳ್ಳದೆ ಸುತ್ತಿದೆ. ಯಾರದೋ ಮಗು ಅತ್ತರೆ ಇಲ್ಲಿ ರವಿಕೆ ಒದ್ದೆ.

ಅತ್ತೆಗೆ ಪಟ್ಟಿ ಬರೆದುಕೊಟ್ಟೆ. ಏನು ಮಾಡಬೇಕು, ಏನು ಮಾಡಬಾರದು, ಒಟ್ಟು ಇಪ್ಪತ್ತೇಳು ಸಾಲು.

"ನಿನ್ನ ಗಂಡನ್ನ ಇಂಥ ಕಾಗದ ಇಲ್ದೇನೇ ಸಾಕಿದ್ದೀನಿ ನಾನು."

"ಅದಕ್ಕೇ ಅತ್ತೆ, ಭಯ," ಎಂದೆ.

ಇವರು ಪೇಪರಿನಿಂದ ತಲೆ ಎತ್ತಿದರು. ಅತ್ತೆ ಪಟ್ಟಿಯನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. ನಗು ತಡೆದುಕೊಂಡ ಮುಖ.

ಮಾರ್ಚ್ 21, ಶನಿವಾರ. ಸಂಜೆ 6.00

ನಾಳೆ ಬಂದರಿನಲ್ಲಿ 8.25. ಕುತ್ತಿಗೆಯಲ್ಲಿ 10.05. ದೋಣಿ ಏಳಬೇಕಾದ್ದು 9.05. ನಾಲ್ಕು ಸಲ ಕೂಡಿದೆ. ಇವರ ಕೈಯಲ್ಲೂ ಕೂಡಿಸಿದೆ.

ಮಳೆ ಬಂದರೆ? ಬರುವುದಿಲ್ಲ. ಗಾಳಿ? ಒಳದಾರಿಗೆ ಗಾಳಿ ಇಲ್ಲ, ಅದಕ್ಕೇ ತಾನೇ ಒಳದಾರಿ. ಮಗು ಕುಡಿಯದಿದ್ದರೆ?...

ಇದಕ್ಕೆ ಪಟ್ಟಿ ಇಲ್ಲ.

ಮಾರ್ಚ್ 22, ಭಾನುವಾರ. 8.50, ಕುತ್ತಿಗೆಯಲ್ಲಿ

ಬೇಗ ಬಂದುಬಿಟ್ಟೆವು. ಬೇಗ ಹುಟ್ಟು ಹಾಕಿದ್ದು ನಾನೇ, ಮನೆಯಿಂದ ಓಡಿದವಳ ಹಾಗೆ. ತಿರುಗಿ ನೋಡಿದ್ದರೆ ಹೊರಡುತ್ತಿರಲಿಲ್ಲ. ಹೊರಡುವಾಗ ಮಗಳು ಅತ್ತೆಯ ಸೊಂಟದ ಮೇಲೆ ಕೂತು ನನ್ನ ಟೋಪಿ ನೋಡಿ ನಗುತ್ತಿದ್ದಳು. ಅಳಲಿಲ್ಲ. ಅದಕ್ಕೂ ಸಂಕಟ!

ದೋಣಿ ಕೆಸರಿನ ಮೇಲೆ ಕೂತಿದೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಹಿಂದೆ ದೊಡ್ಡಕ್ಕ, ಮುಖದ ಮೇಲೆ ಟವೆಲ್. ಮಾತು ಕೊಟ್ಟಂತೆ ಬಾಯಿ ಬಿಟ್ಟಿಲ್ಲ, ಗೊರಕೆ ಬಿಟ್ಟರೆ. ಎಲ್ಲೋ ಮೀನು ಚಿಮ್ಮಿದ ಸದ್ದು. ಎಷ್ಟು ತಿಂಗಳಾಯಿತು ಹೀಗೆ ಸುಮ್ಮನೆ ಕೂತು?

9.02. ನೀರು ಅಲ್ಲೇ ಇದೆ.

9.05. ಇಲ್ಲ.

9.07. ಇನ್ನೂ ಇಲ್ಲ. ಹನ್ನೆರಡು ದಿನ ನೋಡಿದ್ದೇನೆ. ಐದು ನಿಮಿಷ ಆಚೆ ಈಚೆ. ಕಂಬಕ್ಕೂ ಇಲ್ಲಿಗೂ ವ್ಯತ್ಯಾಸ ಇದ್ದರೆ? ಅದನ್ನು ಯಾರು ಅಳೆದರು—

9.09. ಹಳದಿ ಎಲೆಯೊಂದು ಇಷ್ಟು ಹೊತ್ತೂ ನಿಂತಲ್ಲೇ ನಿಂತಿತ್ತು. ಈಗ ತಿರುಗಿತು. ಒಳಗೆ ಹೊರಟಿದೆ, ನಮ್ಮನ್ನು ದಾಟಿಕೊಂಡು. ಅದರ ಹಿಂದೆ ನೊರೆಯ ಗೆರೆ. ಏಡಿಗಳು ಬಿಲಕ್ಕೆ ಇಳಿಯುತ್ತಿವೆ, ಒಂದೊಂದಾಗಿ. ದೋಣಿಯ ತಳದಲ್ಲಿ ಕರ್ ಎನ್ನುತ್ತಿದ್ದ ಸದ್ದು ನಿಂತಿತು. ಮೂತಿ ಎಡಕ್ಕೆ ಸರಿಯುತ್ತಿದೆ. ನಾನೇನೂ ಮಾಡಿಲ್ಲ, ತಾನಾಗಿಯೇ...

ಟವೆಲ್ ಜಾರಿತು. "ಎದ್ದಿತು ಕಣೇ! ಪುಸ್ತಕ ಎತ್ತಿಡು, ಹುಟ್ಟು ತಗೋ, ಎಡಗಡೆ ಬೇರು ನೋ—"