ಮೇಲಿನ ಒಂದಡಿ

ಜೂನ್ ೯, ಸೋಮವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೂತಲ್ಲಿ ಕೂರಲಾಗುತ್ತಿಲ್ಲ. ರಸ್ತೆಯಲ್ಲಿ ಲಾರಿ ಸದ್ದಾದರೆ ಸಾಕು, ಪೆನ್ನು ಬಿಟ್ಟು ಬಾಗಿಲಿಗೆ ಓಡುತ್ತೇನೆ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದೆ. ಮೊದಲು ಬಂದದ್ದು ಹಾಲಿನ ವ್ಯಾನು, ಆಮೇಲಿನದು ಬರೀ ನನ್ನ ಭ್ರಮೆ.

ಹೋದ ತಿಂಗಳ ಕೊನೆಗೆ ಇಟ್ಟಿಗೆ ಭಟ್ಟಿಯವರು ನಮ್ಮಿಬ್ಬರ ಹೊಲಕ್ಕೆ ಬುಲ್ಡೋಜರ್, ಲಾರಿ ಇಳಿಸಿದ್ದರು. ಸಂತೆಗೆ ಹೊರಟವಳು ಸದ್ದು ಕೇಳಿ ಓಡಿದೆ. ಅಷ್ಟರಲ್ಲಿ ಕೆಳಗಿನ ಮೂಲೆ ಕೆರೆದಾಗಿತ್ತು. ಇಳಿಜಾರಿಗೆ ಅಡ್ಡವಾಗಿ ಹಾಕಿದ್ದ ಬದು, ಮಣ್ಣು ಕೊಚ್ಚಿಹೋಗದಿರಲೆಂದು ಅದರ ಮೇಲೆ ಬೆಳೆಸಿದ್ದ ಹುಲ್ಲು, ಎಲ್ಲ ಲಾರಿಯ ಹೊಟ್ಟೆಯಲ್ಲಿ. ಮೈಯೆಲ್ಲ ಉರಿದುಹೋಯಿತು. ಯಂತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಏಳಿ ಅಕ್ಕಾ. ಮೇಲಿನ ಒಂದಡಿ ಅಷ್ಟೇ ತಗೊಳ್ಳೋದು, ಹೊಲ ಎಲ್ಲಿಗೂ ಹೋಗಲ್ಲ," ಎಂದ ಡ್ರೈವರ್.

"ಆ ಒಂದಡೀನೇ ಕಣಪ್ಪ ಹೊಲ. ಕೆಳಗಿರೋದು ಬರೀ ಜಾಗ."

ಅವನು ಯಾರಿಗೋ ಫೋನ್ ಮಾಡಿದ. ಆಮೇಲೆ, "ನೀವು ಏಳಲ್ಲ, ನನಗೆ ನಿಮ್ಮ ಮೇಲೆ ಹತ್ತಿಸೋ ಧೈರ್ಯ ಇಲ್ಲ," ಎಂದು ಗೊಣಗಿ ಲಾರಿಯ ಮಣ್ಣನ್ನು ವಾಪಸ್ ಸುರಿಸಿದ.

ಸುರಿಸಿದ್ದೇನೋ ಆಯಿತು. ಆದರೆ ಅಡಿಯ ಹಳದಿ ಮಣ್ಣು ಮೇಲೆ, ಮೇಲಿನ ಕಪ್ಪು ಮಣ್ಣು ಅಡಿಗೆ. ಎರೆಹುಳುಗಳಿಗೂ ದಿಕ್ಕು ತಪ್ಪಿರಬೇಕು. ಪಕ್ಕದ ಹೊಲದ ಚಿಕ್ಕಮ್ಮ, "ಸತ್ತ ಮಣ್ಣಿಗೆ ಯಾಕೆ ಒದ್ದಾಡ್ತೀಯೇ?" ಎಂದು ಬೈಯುತ್ತಲೇ ನನ್ನ ಜೊತೆ ಗೊಬ್ಬರ ಹೊತ್ತಳು. ಸೆಣಬು ಚೆಲ್ಲಿದ್ದೇವೆ. ಹಸಿರಾಗಿ ಬೆಳೆದರೆ ಅಲ್ಲೇ ಉತ್ತು ಮಣ್ಣಿಗೆ ಸೇರಿಸುವುದು. ಮೊಳಕೆ ಬಂದಿದೆ, ಬೋಳುತಲೆಯ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು. ದಿನಾ ಹೋಗಿ ನೋಡುತ್ತೇನೆ. ನೋಡಿದರೂ ಸಮಾಧಾನವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೂ ನಿನ್ನವಳಿಗೂ ಒಳ್ಳೆಯದಾಗಲಿ, ಮೈ ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಡ್ರೈವರ್ ಫೋನನ್ನು ಸ್ಪೀಕರಿಗೆ ಹಾಕಿದ್ದ. "ಅಕ್ಕ ಸಂತೆಗೆ ಹೋದ್ಮೇಲೆ ಹೋಗಿ ಅಂದಿದ್ನಲ್ಲ, ಮೊದಲೇ ಯಾಕೆ ಹೋದ್ರಿ?" ಎಂದು ರೇಗಿದ ದನಿ ನಿನ್ನದು. ನಿನ್ನ ಪಾಲು ಬೇಕಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲೋ. ಚಿಕ್ಕಮ್ಮನಿಗೆ, "ಭಟ್ಟಿಯವರು ಹೊಲ ತಪ್ಪಿ ಬಂದಿದ್ರು" ಎಂದು ಹೇಳಿದ್ದೇನೆ. ಬಂದಾಗ ನೀನೂ ಅದನ್ನೇ ಹೇಳು. ನನಗೊಬ್ಬಳಿಗೆ ಮಾತ್ರ ಹಾಗೆ ಹೇಳಬೇಡ.